ಹೆಣ ಎಬ್ಬಿಸುವ ವಿದ್ಯೆಗೆ ಕಟ್ಟಳೆ ಏನು? ಏಳನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದೇನೆ

ಹೊಳೆದಂಡೆ (ಶನಿವಾರ, ರಾತ್ರಿ 9.10)

ಎರಡು ವರ್ಷದಿಂದ ಒಂದು ಕಾದಂಬರಿಗೆ ಜೋತುಬಿದ್ದಿದ್ದೇನೆ. ಕಲ್ಪಿತ ಲೋಕ, ಕಲ್ಪಿತ ರಾಜ್ಯ; ಆದರೆ ಊಟ, ಉಡುಗೆ, ಬೈಗುಳ ಎಲ್ಲ ನಮ್ಮ ತುಂಗಭದ್ರೆಯ ದಂಡೆಯವೇ. ಆರು ಅಧ್ಯಾಯ ಸರಾಗವಾಗಿ ಸಾಗಿ ಏಳನೆಯದರಲ್ಲಿ ಗಾಡಿ ಹೂತುಕೊಂಡಿದೆ.

ಸಂದರ್ಭ ಇಷ್ಟು. ಸೋತ ದಂಡನಾಯಕನೊಬ್ಬ ಸತ್ತವರನ್ನು ಎಬ್ಬಿಸುವ ವಿದ್ಯೆ ಕಲಿತು ಬರುತ್ತಾನೆ. ಹನ್ನೆರಡು ವರ್ಷದ ಹಿಂದಿನ ಯುದ್ಧದಲ್ಲಿ ಮಡಿದವರನ್ನೆಲ್ಲ ಎಬ್ಬಿಸಿ ಸೈನ್ಯ ಕಟ್ಟುತ್ತಾನೆ. ಆ ಸೈನ್ಯ ಹೊಳೆಯ ಪಕ್ಕದ ಊರನ್ನು ಹಾದುಹೋಗುವಾಗ ಒಬ್ಬ ಮುದುಕಿ ಸಾಲಿನಲ್ಲಿ ತನ್ನ ಮಗನನ್ನು ಕಾಣುತ್ತಾಳೆ. ಈ ಒಂದು ಭೇಟಿಗಾಗಿಯೇ ನಾನು ಇಡೀ ಕಾದಂಬರಿ ಶುರುಮಾಡಿದ್ದು.

ಕರಡು ಓದಿದ ಗೆಳೆಯ ಎರಡು ಪ್ರಶ್ನೆ ಕೇಳಿ ನಿದ್ದೆ ಕೆಡಿಸಿದ. ಒಂದು: ಮಗನಿಗೆ ತಾಯಿಯ ಗುರುತು ಹತ್ತುವುದಾದರೆ ಅವನು ದಂಡನಾಯಕನ ಮಾತು ಕೇಳಿಕೊಂಡು ನಡೆಯುತ್ತಿರುವುದೇಕೆ? ಹತ್ತುವುದಿಲ್ಲವಾದರೆ ಮುದುಕಿ ಅಳುತ್ತಿರುವುದು ಬೊಂಬೆಯ ಮುಂದೆ. ಅದನ್ನು ಓದುಗ ಎಷ್ಟು ಪುಟ ಸಹಿಸಬೇಕು? ಎರಡು: ನಿನ್ನ ಲೋಕದಲ್ಲಿ ಹೆಣ ಸುಡುತ್ತಾರೆ, ಬೂದಿ ಹೊಳೆಗೆ ಬಿಡುತ್ತಾರೆ ಎಂದು ಎರಡನೇ ಅಧ್ಯಾಯದಲ್ಲೇ ಬರೆದಿದ್ದೀಯ. ಎಬ್ಬಿಸಲು ಹೆಣ ಎಲ್ಲಿದೆ?

ಓದಿದವರು, ಆಡಿದವರು, ಅಜ್ಜಿಯಿಂದ ಕೇಳಿದವರು ಯಾರಾದರೂ ದಾರಿ ತೋರಿಸಿ.

ಪಾಸೆಗಾರ (ರಾತ್ರಿ 9.34)

ನಾನು ವಾರಾಂತ್ಯದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸುವವನು. 1974ರಲ್ಲಿ ಹುಟ್ಟಿದ, ಪಾತ್ರ ವಹಿಸಿ ಕಥೆ ಕಟ್ಟುವ ಆಟ; ಸತ್ತವರ ವಿಷಯದಲ್ಲಿ ಐವತ್ತು ವರ್ಷದಿಂದ ಆಟಗಾರರು ಜಗಳವಾಡಿ ಜಗಳವಾಡಿ ಕಟ್ಟಳೆಗಳನ್ನು ಸವೆಸಿದ್ದಾರೆ, ಹಾಗಾಗಿ ಉಪಯೋಗಕ್ಕೆ ಬರುತ್ತವೆ.

2014ರ ಐದನೇ ಆವೃತ್ತಿಯಲ್ಲಿ ಹೆಣ ಎಬ್ಬಿಸುವುದೂ ಜೀವ ಮರಳಿಸುವುದೂ ಬೇರೆ ಬೇರೆ ಮಂತ್ರಗಳು. ಎಬ್ಬಿಸಿದ ಅಸ್ಥಿಪಂಜರ 24 ಗಂಟೆ ಮಾತ್ರ ನಿಮ್ಮ ಅಂಕೆಯಲ್ಲಿರುತ್ತದೆ. ಅಷ್ಟರೊಳಗೆ ಮತ್ತೆ ಮಂತ್ರ ಹಾಕದಿದ್ದರೆ ಅಂಕೆ ತಪ್ಪುತ್ತದೆ, ಆದರೆ ಅದು ಮಲಗುವುದಿಲ್ಲ. ಅಂದರೆ ಮಾಂತ್ರಿಕನಿಗೆ ತನ್ನ ಸೈನ್ಯವೇ ದಿನದಿನದ ಸಾಲ. ಜೀವ ಮರಳಿಸುವುದಕ್ಕಾದರೋ ವಜ್ರ ತೆರಬೇಕು: ಸತ್ತು ಹತ್ತು ದಿನದೊಳಗಾದರೆ 500 ಚಿನ್ನದ ನಾಣ್ಯದ ಬೆಲೆಯದು, ನೂರು ವರ್ಷದೊಳಗಾದರೆ 1,000ದ್ದು, ದೇಹವೇ ಇಲ್ಲದಿದ್ದರೂ ಎಬ್ಬಿಸುವ ಅತಿ ದೊಡ್ಡ ಮಂತ್ರಕ್ಕೆ 25,000ದ್ದು. ಇನ್ನೊಂದು ಮಂತ್ರವಿದೆ, ಹೆಣದಿಂದ ಮಾತಾಡಿಸುವುದಕ್ಕೆ. ಐದೇ ಪ್ರಶ್ನೆ ಕೇಳಬಹುದು. ಹೆಣಕ್ಕೆ ಬಾಯಿ ಉಳಿದಿರಬೇಕು. ಆಗ ಉತ್ತರಿಸುವುದು ಆತ್ಮವಲ್ಲ, ದೇಹದಲ್ಲಿ ಉಳಿದ ನೆನಪು ಮಾತ್ರ.

ನಿಮ್ಮ ಮುದುಕಿಗೆ ಈ ಕೊನೆಯದು ಹೊಂದುತ್ತದೆ. ಮಗ ಇಲ್ಲ, ಮಗನ ನೆನಪು ಇದೆ. ಬೂದಿಯ ಪ್ರಶ್ನೆಗೆ ದುಬಾರಿ ವಜ್ರವೇ ಗತಿ. ದಂಡನಾಯಕನಿಗೆ ಅಷ್ಟು ಹಣವಿದ್ದರೆ ಜೀವಂತ ಸೈನಿಕರನ್ನೇ ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದ ಎಂಬ ತೊಡಕೂ ಇದೆ.

ಗುಡಿಯ ಗಂಟೆ (ರಾತ್ರಿ 9.51)

ಚಿನ್ನದ ನಾಣ್ಯ, 24 ಗಂಟೆ, ಐದು ಪ್ರಶ್ನೆ. ಇದೇನು ಸಹಕಾರಿ ಬ್ಯಾಂಕಿನ ಸಾಲದ ಅರ್ಜಿಯೇ? ಹೊಳೆದಂಡೆಯವರೇ, ಕಟ್ಟಳೆ ಬರೆಯಬೇಡಿ. ಸತ್ತವನು ಎದ್ದು ಬಂದ ಎನ್ನುವುದೇ ಭಯ. ಹೇಗೆ ಎದ್ದ ಎಂದು ವಿವರಿಸಿದ ಕ್ಷಣ ಅದು ಯಂತ್ರವಾಗುತ್ತದೆ. ನಮ್ಮ ಹಳೆಯ ಕಥೆಗಳಲ್ಲಿ ಯಾರೂ ಹೀಗೆ ಲೆಕ್ಕ ಕೇಳಲಿಲ್ಲ.

ತಾಳೆಗರಿ (ರಾತ್ರಿ 10.40)

ಗುಡಿಯ ಗಂಟೆಯವರೇ, ಕೇಳಿದ್ದಾರೆ. ನಮ್ಮವರಷ್ಟು ಲೆಕ್ಕ ಕೇಳಿದವರು ಕಡಿಮೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮಹಾಭಾರತದ ಆದಿಪರ್ವದ ಕಚನ ಕಥೆಯನ್ನು ಪ್ರೇಮಕಥೆಯೆಂದು ಓದಿ ಮುಗಿಸುತ್ತೇವೆ. ಅದನ್ನು ಒಮ್ಮೆ ವಿದ್ಯೆಯ ಕೈಪಿಡಿಯಾಗಿ ಓದಿ ನೋಡಿ. ಅಸುರರ ಗುರು ಶುಕ್ರಾಚಾರ್ಯನಿಗೆ ಸಂಜೀವಿನಿ ವಿದ್ಯೆ ಗೊತ್ತು, ದೇವತೆಗಳ ಗುರು ಬೃಹಸ್ಪತಿಗೆ ಗೊತ್ತಿಲ್ಲ. ಅದನ್ನು ಕಲಿತು ಬರಲೆಂದು ಬೃಹಸ್ಪತಿಯ ಮಗ ಕಚನನ್ನು ಕಳಿಸುತ್ತಾರೆ. ಅಸುರರಿಗೆ ಸುಳಿವು ಸಿಗುತ್ತದೆ. ದನ ಕಾಯುತ್ತಿದ್ದವನನ್ನು ಕೊಂದು, ತುಂಡುಮಾಡಿ, ತೋಳಗಳಿಗೆ ಹಾಕುತ್ತಾರೆ. ಸಂಜೆ ದನಗಳಷ್ಟೇ ಮನೆಗೆ ಬರುತ್ತವೆ. ಶುಕ್ರನ ಮಗಳು ದೇವಯಾನಿ ತಂದೆಯ ಮುಂದೆ ಅಳುತ್ತಾಳೆ. ಶುಕ್ರ ‘ಬಾ’ ಎಂದು ಕರೆಯುತ್ತಾನೆ, ಕಚ ತೋಳಗಳ ಮೈ ಸೀಳಿಕೊಂಡು ಹೊರಗೆ ಬರುತ್ತಾನೆ.

ಇಲ್ಲಿ ಎಷ್ಟು ಕಟ್ಟಳೆ ಬಂತು ನೋಡಿ. ದೇಹ ಒಂದೆಡೆ ಇರಬೇಕಿಲ್ಲ. ಎಲ್ಲಿದೆ ಎಂದು ಕರೆಯುವವನಿಗೆ ಗೊತ್ತಿರಬೇಕಿಲ್ಲ. ದೇಹ ಯಾರೊಳಗೆ ಸೇರಿದೆಯೋ ಅವರನ್ನು ಸೀಳಿಯೇ ಹೊರಬರಬೇಕು.

ಅಸುರರು ಈ ಮೂರನೆಯದನ್ನು ಗಮನಿಸಿದರು, ಅದೇ ಅವರ ಜಾಣತನ. ಮುಂದೊಮ್ಮೆ ಕಚನನ್ನು ಸುಟ್ಟು, ಬೂದಿಯನ್ನು ಸುರೆಯಲ್ಲಿ ಕಲಸಿ ಶುಕ್ರಾಚಾರ್ಯನಿಗೇ ಕುಡಿಸಿದರು. ಈಗ ಕರೆದರೆ ಕರೆದವನೇ ಸಾಯಬೇಕು! ಶುಕ್ರ ಕರೆದಾಗ ಕಚ ಹೊಟ್ಟೆಯೊಳಗಿಂದ ಮೆಲ್ಲನೆ ಉತ್ತರಿಸುತ್ತಾನೆ: ನಿಮ್ಮ ದಯದಿಂದ ನೆನಪು ನನ್ನನ್ನು ಬಿಟ್ಟಿಲ್ಲ, ನಡೆದದ್ದೆಲ್ಲ ನೆನಪಿದೆ ಎನ್ನುತ್ತಾನೆ. ಹೊಳೆದಂಡೆಯವರೇ, ನಿಮ್ಮ ಮೊದಲನೇ ಪ್ರಶ್ನೆಗೆ ಇಲ್ಲೊಂದು ಉತ್ತರ ಇದೆ. ಸಂಜೀವಿನಿಯಿಂದ ಎದ್ದವನಿಗೆ ನೆನಪು ಪೂರ್ತಿ ಇರುತ್ತದೆ, ಕೊಂದವರ ನೆನಪೂ ಸೇರಿ.

ಆಮೇಲಿನದು ನಿಮಗೆ ಗೊತ್ತು. ಶುಕ್ರ ಹೊಟ್ಟೆಯೊಳಗಿದ್ದವನಿಗೇ ವಿದ್ಯೆ ಕಲಿಸುತ್ತಾನೆ, ಕಚ ಹೊರಬರುತ್ತಾನೆ, ಗುರು ಸಾಯುತ್ತಾನೆ, ಶಿಷ್ಯ ಎಬ್ಬಿಸುತ್ತಾನೆ. ಎದ್ದ ಶುಕ್ರ ಮೊದಲು ಮಾಡಿದ ಕೆಲಸ ಬ್ರಾಹ್ಮಣರು ಸುರೆ ಕುಡಿಯಬಾರದೆಂದು ಕಟ್ಟಳೆ ಹಾಕಿದ್ದು. ಆ ಹೊಟ್ಟೆಯಿಂದ ಬಂದವನು ನಾನು, ನೀನು ನನಗೆ ತಂಗಿಯಾದೆ ಎಂದು ಕಚ ದೇವಯಾನಿಯನ್ನು ನಿರಾಕರಿಸಿದಾಗ ಅವಳ ಶಾಪ: ನಿನಗೆ ಈ ವಿದ್ಯೆ ಫಲಿಸದಿರಲಿ. ಅವನ ಉತ್ತರ: ನನಗೆ ಫಲಿಸದಿದ್ದರೂ ನಾನು ಕಲಿಸಿದವರಿಗೆ ಫಲಿಸುತ್ತದೆ. ವಕೀಲರೂ ಇಷ್ಟು ಚೊಕ್ಕವಾಗಿ ಸಂದು ಹುಡುಕುವುದಿಲ್ಲ.

ಅರೆನಿದ್ದೆ (ರಾತ್ರಿ 10.44)

ಆ ತೋಳಗಳು ಏನು ತಪ್ಪು ಮಾಡಿದ್ದವು?

ತಾಳೆಗರಿ (ರಾತ್ರಿ 10.47)

ಹಸಿದಿದ್ದವು.

ಗುಡಿಯ ಗಂಟೆ (ರಾತ್ರಿ 10.58)

ಕಚನ ಕಥೆಯಲ್ಲಿ ನೀವು ಕಟ್ಟಳೆ ಹುಡುಕುತ್ತಿದ್ದೀರಿ. ವ್ಯಾಸರಿಗೆ ಆ ಚಿಂತೆ ಇರಲಿಲ್ಲ. ಒಂದು ಪವಾಡ ನಡೆಯಿತು, ಕಥೆ ಮುಂದೆ ಹೋಯಿತು.

ತಾಳೆಗರಿ (ರಾತ್ರಿ 11.15)

ಹಾಗಾದರೆ ಆಶ್ರಮವಾಸಿಕ ಪರ್ವಕ್ಕೆ ಬನ್ನಿ. ಯುದ್ಧ ಮುಗಿದು ಹದಿನಾರು ವರ್ಷ ಕಳೆದಿದೆ. ಧೃತರಾಷ್ಟ್ರ, ಗಾಂಧಾರಿ, ಕುಂತಿ ಕಾಡು ಸೇರಿದ್ದಾರೆ. ಸತ್ತ ಮಕ್ಕಳನ್ನು ಒಮ್ಮೆ ನೋಡಬೇಕೆಂಬ ಆಸೆ. ವ್ಯಾಸರು ಗಂಗೆಗಿಳಿದು ಕರೆಯುತ್ತಾರೆ. ನೀರಿನೊಳಗಿಂದ ದೊಡ್ಡ ಗದ್ದಲ ಏಳುತ್ತದೆ, ಭೀಷ್ಮ, ದ್ರೋಣ, ಕರ್ಣ, ದುರ್ಯೋಧನ, ಅಭಿಮನ್ಯು ಎಲ್ಲರೂ ತಮ್ಮ ತಮ್ಮ ವೇಷದಲ್ಲಿ, ಬಾವುಟದ ಸಮೇತ ಎದ್ದು ಬರುತ್ತಾರೆ. ಹಗೆತನ ಮಾತ್ರ ಇಲ್ಲ. ಒಂದು ರಾತ್ರಿ ಮಾತಾಡಿ, ಬೆಳಗಾಗುವಾಗ ಮತ್ತೆ ನೀರಿಗಿಳಿಯುತ್ತಾರೆ. ಗಂಡನೊಡನೆ ಹೋಗಬೇಕೆಂದ ವಿಧವೆಯರೂ ನದಿಗಿಳಿಯುತ್ತಾರೆ.

ವೈಶಂಪಾಯನರ ಬಾಯಿಂದ ಈ ಕಥೆ ಕೇಳುತ್ತಿದ್ದ ರಾಜ ಜನಮೇಜಯ ಏನು ಮಾಡುತ್ತಾನೆ ಗೊತ್ತೇ? ಕೈಮುಗಿದು ಕಣ್ಣೀರು ಹಾಕುವುದಿಲ್ಲ. ದೇಹ ಬಿಟ್ಟುಹೋದವರು ಅದೇ ರೂಪದಲ್ಲಿ ಮತ್ತೆ ಕಾಣಿಸುವುದು ಹೇಗೆ ಸಾಧ್ಯ ಎಂದು ಕೇಳುತ್ತಾನೆ. ವೈಶಂಪಾಯನರು ಕರ್ಮ ನಾಶವಾಗುವುದಿಲ್ಲ, ಅದರಿಂದಲೇ ದೇಹ ಎಂದು ಉದ್ದಕ್ಕೆ ವಿವರಿಸುತ್ತಾರೆ. ಅಷ್ಟಕ್ಕೂ ಬಿಡದ ರಾಜ, ಹಾಗಾದರೆ ನನ್ನ ತಂದೆ ಪರೀಕ್ಷಿತನನ್ನು ತೋರಿಸಿ, ಆಗ ನಂಬುತ್ತೇನೆ ಎನ್ನುತ್ತಾನೆ. ತೋರಿಸುತ್ತಾರೆ. ಹೊಳೆದಂಡೆಯವರ ಗೆಳೆಯ ಜನಮೇಜಯನ ವಂಶದವನೇ.

ಶೀತಲ ಕೊಠಡಿ (ರಾತ್ರಿ 11.42)

ನನ್ನ ವೃತ್ತಿ ಹೆಣಗಳ ನಡುವೆಯೇ, ಹಾಗಾಗಿ ಒಂದು ಮಾತು. ಕಾದಂಬರಿಕಾರರು ಎಬ್ಬಿಸುವ ಹೆಣಗಳು ಯಾವಾಗಲೂ ಕೈ ಮುಂದೆ ಚಾಚಿಕೊಂಡು ಬಿಗಿಯಾಗಿ ನಡೆಯುತ್ತವೆ. ಸತ್ತ ಎರಡು ಮೂರು ಗಂಟೆಗೆ ದವಡೆ, ಕುತ್ತಿಗೆಯಿಂದ ಬಿಗಿತ ಶುರುವಾಗಿ, ಹನ್ನೆರಡು ಗಂಟೆಯ ಹೊತ್ತಿಗೆ ಮೈಯೆಲ್ಲ ಸೆಟೆದುಕೊಳ್ಳುತ್ತದೆ ನಿಜ. ಆದರೆ ಅದು ಶಾಶ್ವತವಲ್ಲ. ಒಂದೂವರೆ ಎರಡು ದಿನದಲ್ಲಿ ಬಿಗಿತ ಸಡಿಲುತ್ತದೆ. ರಾಯಚೂರಿನ ಬೇಸಗೆಯಲ್ಲಾದರೆ ಇನ್ನೂ ಬೇಗ. ಸ್ನಾಯು ಸಡಿಲಗೊಳ್ಳಲೂ ಶಕ್ತಿ ಬೇಕು, ಅದನ್ನು ಒದಗಿಸುವ ಉಸಿರಾಟ ನಿಂತಿರುವುದರಿಂದ ಬಿಗಿದದ್ದು ಬಿಗಿದಂತೆಯೇ ಉಳಿಯುತ್ತದೆ; ಆಮೇಲೆ ಕೊಳೆಯುವುದರಿಂದ ಸಡಿಲುತ್ತದೆ. ಅಸ್ಥಿಪಂಜರಕ್ಕಂತೂ ಸ್ನಾಯುವೇ ಇಲ್ಲ. ಅದು ಕತ್ತಿ ಬೀಸಬೇಕಾದರೆ ಎಳೆಯುವ ಬಲವೆಲ್ಲ ಮಂತ್ರದ್ದೇ. ಹಾಗಿದ್ದ ಮೇಲೆ ಮೂಳೆಯಾದರೂ ಯಾಕೆ, ಮಂತ್ರ ನೇರವಾಗಿ ಕತ್ತಿಯನ್ನೇ ಬೀಸಬಹುದಲ್ಲ?

ಇನ್ನೊಂದು: ಹೆಣ ಮಾತಾಡಬೇಕಾದರೆ ಬಾಯಿ ಸಾಲದು, ಗಾಳಿ ನೂಕಲು ಶ್ವಾಸಕೋಶ ಬೇಕು.

ಉತ್ತರಮುಖಿ (ರಾತ್ರಿ 11.55)

ಶ್ವಾಸಕೋಶದ ಮಾತು ಬಂದದ್ದು ಒಳ್ಳೆಯದಾಯಿತು. ಒಂದನೇ ಶತಮಾನದ ರೋಮಿನ ಕವಿ ಲೂಕನ್ ಇದನ್ನು ಆಗಲೇ ಯೋಚಿಸಿದ್ದ. ಅವನ ಯುದ್ಧಕಾವ್ಯದ ಆರನೇ ಭಾಗದಲ್ಲಿ ಎರಿಕ್ಥೊ ಎಂಬ, ಗ್ರೀಸಿನ ಥೆಸಲಿಯ ಮಾಟಗಾತಿ ಬರುತ್ತಾಳೆ. ಯುದ್ಧದ ಫಲ ತಿಳಿಯಲು, ಸೀಸರನ ಎದುರಾಳಿ ಪಾಂಪೆಯ ಮಗ ಅವಳ ಬಳಿ ಹೋದಾಗ, ರಣರಂಗದ ಹೆಣಗಳಲ್ಲಿ ಶ್ವಾಸಕೋಶಕ್ಕೆ ಗಾಯವಾಗದ ಒಂದನ್ನು ಹುಡುಕಿ ಕೊಕ್ಕೆ ಹಾಕಿ ಎಳೆದು ತರುತ್ತಾಳೆ. ಕಾರಣ ನೀವು ಹೇಳಿದ್ದೇ, ಅದು ಮಾತಾಡಬೇಕು.

ಇನ್ನೂ ಭೀಕರವಾದದ್ದು ಮುಂದಿದೆ. ಸತ್ತವನ ನೆರಳು ತನ್ನ ಹೆಣದ ಪಕ್ಕದಲ್ಲೇ ನಿಂತಿರುತ್ತದೆ, ಹಳೆಯ ಸೆರೆಮನೆಗೆ ಮತ್ತೆ ಹೋಗಲು ಹೆದರುತ್ತದೆ. ಎರಿಕ್ಥೊ ದೇವತೆಗಳಿಗೇ ಬೆದರಿಕೆ ಹಾಕಿ ಒಳಗೆ ನೂಕುತ್ತಾಳೆ. ಹೇಳಬೇಕಾದದ್ದನ್ನು ಹೇಳಿದ ಮೇಲೆ ಆ ಹೆಣ ಸುಮ್ಮನೆ ನಿಂತು ಸಾವಿಗೆ ಕಾಯುತ್ತದೆ. ವಿಧಿ ತನ್ನ ಹಕ್ಕನ್ನು ಒಮ್ಮೆ ಚಲಾಯಿಸಿ ಆಗಿದೆ. ಎರಡನೇ ಸಲ ತಾನಾಗಿ ಸಾಯಲಾರದು. ಅದಕ್ಕೂ ಮಂತ್ರ, ಚಿತೆ ಬೇಕು. ಇನ್ನು ಯಾರೂ ನಿನ್ನನ್ನು ಎಬ್ಬಿಸದಂತೆ ಸುಡುತ್ತೇನೆ ಎಂಬ ಮಾತು ಕೊಟ್ಟೇ ಅವಳು ಅದರಿಂದ ಸತ್ಯ ಹೇಳಿಸಿರುತ್ತಾಳೆ.

ಐಸ್‌ಲ್ಯಾಂಡಿನ ಹಳೆಯ ಸಾಗಾ ಕಥೆಗಳಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಸತ್ತವನನ್ನು ಯಾರೂ ಎಬ್ಬಿಸಬೇಕಾಗಿಲ್ಲ. ಹಟಮಾರಿ ಮನುಷ್ಯ ಸತ್ತ ಮೇಲೂ ಹಟಮಾರಿಯೇ. ಗ್ಲಾಮ್ ಎಂಬ ಕುರುಬ ಸತ್ತ ಮೇಲೆ ರಾತ್ರಿ ಮನೆಯ ಮಾಡಿನ ಮೇಲೆ ಸವಾರಿ ಕೂರುತ್ತಾನೆ, ತೊಲೆಗಳು ಮುರಿಯುವಂತೆ ಒದೆಯುತ್ತಾನೆ. ಗ್ರೆಟ್ಟಿರ್ ಎಂಬ ವೀರ ಅವನ ತಲೆ ಕತ್ತರಿಸಿ ಬೂದಿಮಾಡುತ್ತಾನೆ. ಆದರೆ ಸೋಲುವ ಮೊದಲು ಗ್ಲಾಮ್ ಕೊಟ್ಟ ಶಾಪದಿಂದ ಆ ವೀರ ಬದುಕಿಡೀ ಕತ್ತಲೆಗೆ ಹೆದರುತ್ತಾನೆ. ನನಗೆ ಇನ್ನೂ ಇಷ್ಟವಾದದ್ದು ಫ್ರೋಡಾ ಎಂಬ ಹೊಲಮನೆಯ ಕಥೆ. ಸಮುದ್ರದಲ್ಲಿ ಮುಳುಗಿ ಸತ್ತವರು ತೊಟ್ಟಿಕ್ಕುವ ಬಟ್ಟೆಯಲ್ಲಿ ಬಂದು ಒಲೆಯ ಮುಂದೆ ಚಳಿ ಕಾಯಿಸುತ್ತಾ ಕೂರುತ್ತಾರೆ. ಮನೆಯವರು ಕತ್ತಿ ಹಿಡಿಯುವುದಿಲ್ಲ, ಬಾಗಿಲಲ್ಲಿ ನ್ಯಾಯಾಲಯ ಕೂಡಿಸಿ ಅತಿಕ್ರಮ ಪ್ರವೇಶದ ದಾವೆ ಹೂಡುತ್ತಾರೆ! ತೀರ್ಪು ಓದಿದಂತೆ ಒಬ್ಬೊಬ್ಬರೇ ಗೊಣಗುತ್ತಾ ಎದ್ದು ಹೋಗುತ್ತಾರೆ.

ಪಾಸೆಗಾರ (ಭಾನುವಾರ, ಬೆಳಿಗ್ಗೆ 7.20)

ನಮ್ಮ ಕಡೆಯಾದರೆ ಅವರು ತಡೆಯಾಜ್ಞೆ ತಂದು ಇನ್ನೂ ಇಪ್ಪತ್ತು ವರ್ಷ ಒಲೆಯ ಮುಂದೆಯೇ ಕೂತಿರುತ್ತಿದ್ದರು.

ನಮ್ಮ ಆಟದಲ್ಲಿ ಲಿಚ್ ಎಂಬ ಮಾಂತ್ರಿಕನಿದ್ದಾನೆ. ಆತ್ಮವನ್ನು ಒಂದು ಪೆಟ್ಟಿಗೆಯಲ್ಲಿ ಬೇರೆಡೆ ಇಟ್ಟಿರುತ್ತಾನೆ, ದೇಹ ಚಿಂದಿಯಾದರೂ ಮತ್ತೆ ಬರುತ್ತಾನೆ. ಹೊಸ ಹುಡುಗರು ಇದನ್ನು ಮೊದಲ ಸಲ ಕೇಳಿದಾಗ ಬಾಯಿ ಬಿಡುತ್ತಾರೆ. ಏಳು ಸಮುದ್ರದಾಚೆ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇಟ್ಟ ಕಥೆಯನ್ನು ಅವರಿಗೆ ಯಾರೂ ಹೇಳಿಲ್ಲವೇನೋ. ರಷ್ಯಾದ ಕಥೆಯಲ್ಲಿ ಕೊಶ್ಚೇಯ್‌ನ ಸಾವು ಸೂಜಿಯ ಮೊನೆಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ. ಗಿಳಿಯೇ ವಾಸಿ, ಒಂದೇ ಬೀಗ.

ಬಯಲುಸೀಮೆ (ಬೆಳಿಗ್ಗೆ 8.05)

ಹೆಣ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಯಾರೂ ಸರಿಯಾಗಿ ಬರಲಿಲ್ಲ. ಪಶ್ಚಿಮದ ಕಥೆಗಳಲ್ಲಿ ಊರಿಗೊಂದು ಸ್ಮಶಾನ, ಅದರ ತುಂಬ ಸಾಲು ಸಾಲು ಮೂಳೆ, ಮಾಂತ್ರಿಕನಿಗೆ ಉಗ್ರಾಣ ಇದ್ದಂತೆ. ನಮ್ಮಲ್ಲಿ ಹಾಗಿಲ್ಲ. ಸುಡುವವರಲ್ಲೂ ಕಟ್ಟಿಗೆಯ ಚಿತೆಯಲ್ಲಿ ಮೂಳೆ ಪೂರ್ತಿ ಬೂದಿಯಾಗುವುದಿಲ್ಲ, ಆದ್ದರಿಂದಲೇ ಅಸ್ಥಿ ಆರಿಸಿ ಕುಡಿಕೆಯಲ್ಲಿಟ್ಟು ಶ್ರೀರಂಗಪಟ್ಟಣದ ಪಶ್ಚಿಮ ವಾಹಿನಿಗೋ ಗೋಕರ್ಣಕ್ಕೋ ಒಯ್ಯುವುದು. ಅದೇ ಊರಿನಲ್ಲಿ ಹೂಳುವವರೂ ಇದ್ದಾರೆ. ಲಿಂಗಾಯತರಲ್ಲಿ ಕುಳ್ಳಿರಿಸಿ ಹೂಳುತ್ತಾರೆ. ಒಂದೇ ಊರಿನ ಸತ್ತವರು ನಾಲ್ಕು ರೀತಿಯಲ್ಲಿ ಇರುವ ಲೋಕದಲ್ಲಿ ದಂಡನಾಯಕನ ಸೈನ್ಯ ಒಂದೇ ಸಮವಸ್ತ್ರದಲ್ಲಿ ಏಳುವುದು ಹೇಗೆ? ಆ ವ್ಯತ್ಯಾಸವನ್ನೇ ಕಥೆಗೆ ಬಳಸಿಕೊಳ್ಳಿ.

ಇನ್ನೂ ಒಂದಿದೆ. ನಮ್ಮ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುವುದು. ತುರು ಕಾದು ಸತ್ತವನಿಗೆ ಊರು ಕೊಟ್ಟ ಮಾತು ಅದು. ಅವನನ್ನು ಕೈಲಾಸದಿಂದ ಎಳೆದು ತಂದು ಮತ್ತೆ ಕತ್ತಿ ಹಿಡಿಸಿದರೆ ದಂಡನಾಯಕ ಮುರಿಯುವುದು ಊರಿನ ಮಾತನ್ನು. ಕಲ್ಲಿನ ಮೇಲಿನ ಪಟ್ಟಿಕೆ ಖಾಲಿಯಾಗುವುದನ್ನು ಬರೆಯಿರಿ, ನಾನು ಪುಸ್ತಕ ಕೊಳ್ಳುತ್ತೇನೆ.

ಹೊಳೆದಂಡೆ (ಬೆಳಿಗ್ಗೆ 9.30)

ಪಟ್ಟಿಕೆಯ ಮಾತು ಬರೆದಿಟ್ಟುಕೊಂಡೆ. ಆದರೆ ಮುದುಕಿಯ ಮುಂದೆ ಬಂದಾಗ ಮತ್ತೆ ಅದೇ ಕೊಕ್ಕೆ. ನೆನಪಿದ್ದರೆ ವಿಧೇಯತೆ ಇಲ್ಲ, ವಿಧೇಯತೆ ಇದ್ದರೆ ನೆನಪಿಲ್ಲ.

ತಾಳೆಗರಿ (ಬೆಳಿಗ್ಗೆ 10.02)

ವೇತಾಳ ಇದ್ದಾನಲ್ಲ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಮರದಲ್ಲಿ ನೇತಾಡುವ ಹೆಣ ಯಾರದೋ, ಒಳಗಿರುವವನು ಬೇರೆ ಯಾರೋ. ಹೆಣ ವೇತಾಳನಿಗೆ ಬರೀ ಅಂಗಿ. ನಿಮ್ಮ ಸೈನಿಕರ ಒಳಗೂ ಬೇರೆಯವರು ಕೂತಿದ್ದರೆ? ಮುದುಕಿ ಕಾಣುವುದು ಮಗನ ಮುಖ, ಕಣ್ಣಿನ ಹಿಂದೆ ಇನ್ನೊಬ್ಬ. ಅವನಿಗೆ ಅವಳ ಮೇಲೆ ಕರುಣೆ ಬಂದು ಮಗನಂತೆ ನಟಿಸಿದರೆ? ಎಷ್ಟೆಂದರೂ ಆ ಕಥೆಯಲ್ಲಿ ಕೊನೆಗೆ ರಾಜನನ್ನು ಬಲಿಯಿಂದ ಉಳಿಸಿದ್ದು ಹೆಣದೊಳಗಿನ ವೇತಾಳನೇ. ಭಿಕ್ಷು ಸಾಷ್ಟಾಂಗ ಬೀಳು ಎಂದರೆ, ನನಗೆ ಬರುವುದಿಲ್ಲ ಮೊದಲು ನೀನು ತೋರಿಸು ಎನ್ನು ಎಂದು ಹೇಳಿಕೊಟ್ಟವನು ಅವನು.

ಕಡಲಬದಿಯವಳು (ಬೆಳಿಗ್ಗೆ 11.25)

ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ. ನಿಮ್ಮೆಲ್ಲರ ಮಾತಿನಲ್ಲಿ ಸತ್ತವರು ಯಾರಾದರೂ ಕರೆದರೆ ಬರುವವರು, ಹೇಳಿದ್ದು ಮಾಡುವವರು. ನಮ್ಮ ತುಳುನಾಡಿನಲ್ಲಿ ಕೇಳುವವರು ಅವರು, ಮಾಡುವವರು ನಾವು. ಆಟಿ ತಿಂಗಳಲ್ಲಿ ಮನೆಯ ಕುಲೆಗಳಿಗೆ, ಅಂದರೆ ತೀರಿಹೋದವರಿಗೆ, ಎಡೆ ಬಡಿಸುತ್ತೇವೆ. ಮಗುವಾಗಿದ್ದಾಗಲೇ ತೀರಿಕೊಂಡವರಿಗೆ ವಯಸ್ಸು ಬಂದಾಗ ಮದುವೆಯನ್ನೂ ಮಾಡುತ್ತಾರೆ, ಕುಲೆ ಮದಿಮೆ ಎನ್ನುತ್ತೇವೆ. ಅದೇ ರೀತಿ ತೀರಿಕೊಂಡ ಹೆಣ್ಣನ್ನು ಹುಡುಕಿ, ಎರಡು ಮನೆಯವರು ಕೂತು ಮಾತಾಡಿ, ಸೀರೆ, ಬಳೆ, ಊಟ ಎಲ್ಲ ಸಾಂಗವಾಗಿ. ನನ್ನ ದೊಡ್ಡಮ್ಮನ ಮನೆಯಲ್ಲಿ ಒಂದಕ್ಕೆ ಹೋಗಿದ್ದೆ. ಚಿಕ್ಕವಳಾಗಿದ್ದ ನನಗೆ ನಗು ಬಂತು. ದೊಡ್ಡಮ್ಮ ನಗಲಿಲ್ಲ. ಎರಡು ವರ್ಷದ ಮಗುವಾಗಿ ಹೋದವನಿಗೆ ಅವತ್ತು ಇಪ್ಪತ್ತಾರು. ಅವಳು ಪ್ರತಿ ವರ್ಷ ಲೆಕ್ಕ ಇಟ್ಟಿದ್ದಳು.

ಮಗ ತಾಯಿಯನ್ನು ಗುರುತಿಸುತ್ತಾನೋ ಇಲ್ಲವೋ ಎಂದು ನೀವು ತಲೆ ಕೆಡಿಸಿಕೊಂಡಿದ್ದೀರಿ. ಹನ್ನೆರಡು ವರ್ಷದಲ್ಲಿ ಅವಳ ಮನಸ್ಸಿನಲ್ಲಿ ಅವನ ವಯಸ್ಸು ಬೆಳೆದಿದೆ. ಸತ್ತ ದಿನದ ಇಪ್ಪತ್ತರ ಮುಖ ಹೊತ್ತು ಬಂದವನನ್ನು ಅವಳು ಗುರುತಿಸುತ್ತಾಳೆಯೇ ಎಂದು ಕೇಳಿ.

ಗುಡಿಯ ಗಂಟೆ (ಬೆಳಿಗ್ಗೆ 11.40)

ಇದಕ್ಕೆ ನಾನು ತಲೆಬಾಗಿದೆ. ಇದರಲ್ಲಿ ಒಂದೂ ಚಿನ್ನದ ನಾಣ್ಯ ಇಲ್ಲ.

ಪಾಸೆಗಾರ (ಬೆಳಿಗ್ಗೆ 11.43)

ನಾಣ್ಯ ಇಲ್ಲದಿರಬಹುದು, ಕಟ್ಟಳೆ ಇದೆಯಲ್ಲ! ಸತ್ತವರಿಗೂ ವಯಸ್ಸಾಗುತ್ತದೆ, ಸತ್ತವರಿಗೆ ಸತ್ತವರೇ ಜೋಡಿ, ಆಟಿಯಲ್ಲೇ ಆಗಬೇಕು. ನಿಮಗೆ ಬೇಡವಾದದ್ದು ಕಟ್ಟಳೆಯಲ್ಲ, ನನ್ನ ಆಟ.

ನಿರ್ವಾಹಕ (ಬೆಳಿಗ್ಗೆ 11.50)

ಇಬ್ಬರೂ ಊಟ ಮಾಡಿ ಬನ್ನಿ.

ಉತ್ತರಮುಖಿ (ಮಧ್ಯಾಹ್ನ 2.15)

ವಿಧೇಯತೆಯ ಬಗ್ಗೆ ಒಂದು. ಕೆರಿಬಿಯನ್ ಕಡಲಿನ ಹಯೀಟಿ ದೇಶದ ಜೋಂಬಿ, ಅಂದರೆ ಎಬ್ಬಿಸಿದ ಹೆಣ, ಸಿನಿಮಾದಂತೆ ಮನುಷ್ಯರನ್ನು ತಿನ್ನುವುದಿಲ್ಲ, ಕಬ್ಬಿನ ಗದ್ದೆಯಲ್ಲಿ ದುಡಿಯುತ್ತದೆ. ಗುಲಾಮಗಿರಿಯನ್ನು ಅನುಭವಿಸಿ, 1804ರಲ್ಲಿ ಅದನ್ನು ಕಿತ್ತೊಗೆದು ಸ್ವತಂತ್ರರಾದ ಜನರ ಭಯ ಅದು: ಸತ್ತ ಮೇಲೂ ಒಡೆಯ ಬಿಡದಿದ್ದರೆ? ಅಲ್ಲಿನ ನಂಬಿಕೆಯಂತೆ ಜೋಂಬಿಗೆ ಉಪ್ಪು ತಿನ್ನಿಸಬಾರದು. ತಿಂದರೆ ತಾನು ಸತ್ತಿದ್ದೇನೆಂಬ ಅರಿವು ಬಂದು ಗೋರಿಗೆ ಮರಳುತ್ತದೆ.

ಕಡಲಬದಿಯವಳು (ಮಧ್ಯಾಹ್ನ 2.31)

ಉಪ್ಪು! ಮುದುಕಿ ಅವನಿಗೆ ಗಂಜಿ ಕೊಟ್ಟರೆ ಮುಗಿಯಿತು. ಯಾವ ತಾಯಿ ಉಪ್ಪು ಹಾಕದ ಗಂಜಿ ಕೊಡುತ್ತಾಳೆ?

ಹೊಳೆದಂಡೆ (ಮಧ್ಯಾಹ್ನ 2.50)

ಬಹಳ ಚೆನ್ನಾಗಿದೆ. ಹಯೀಟಿಯಿಂದ ಕದ್ದಂತಾಗುತ್ತದೆ ಎಂಬುದೊಂದೇ ಸಂಕಟ. ಆ ಉಪ್ಪಿನ ಹಿಂದೆ ಅವರ ಇತಿಹಾಸ ಇದೆ, ನನ್ನ ಲೋಕದಲ್ಲಿ ಅದು ಬರೀ ಯುಕ್ತಿಯಾಗುತ್ತದೆ. ಅದೂ ಅಲ್ಲದೆ ಎರಡನೇ ಪ್ರಶ್ನೆ ಹಾಗೇ ನಿಂತಿದೆ. ದೇಹ ಇಲ್ಲ.

ತಾಳೆಗರಿ (ಮಧ್ಯಾಹ್ನ 3.20)

ದೇಹ ಸಿಗದಂತೆ ಮಾಡಿದವನ ಕಥೆಯೂ ಇದೆ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಹನುಮಂತ ತಂದ ಬೆಟ್ಟದ ಮೂಲಿಕೆಗಳ ಗಾಳಿ ಬೀಸಿದ್ದೇ ತಡ, ಸತ್ತ ವಾನರರು ನಿದ್ದೆ ತಿಳಿದವರಂತೆ ಎದ್ದರು. ಅದೇ ಗಾಳಿಗೆ ರಾಕ್ಷಸರೂ ಏಳಬೇಕಿತ್ತಲ್ಲ? ಕೆಲವು ಪಾಠಗಳಲ್ಲಿ ಇದಕ್ಕೆ ಉತ್ತರವಿದೆ. ಎಷ್ಟು ಜನ ಸತ್ತರೆಂದು ಯಾರಿಗೂ ತಿಳಿಯಬಾರದೆಂದು ರಾವಣ ತನ್ನ ಕಡೆಯ ಹೆಣಗಳನ್ನು ಆಗಿಂದಾಗ ಸಮುದ್ರಕ್ಕೆ ಎಸೆಸುತ್ತಿದ್ದ. ಮಾನ ಉಳಿಸಿಕೊಳ್ಳಲು ಹೋಗಿ ಸೈನ್ಯ ಕಳೆದುಕೊಂಡ. ಅಂದರೆ ಮೂಲಿಕೆಗೆ ದೇಹ ಎದುರಿಗಿರಬೇಕು. ಶುಕ್ರನ ವಿದ್ಯೆಗೆ ಬೇಕಾಗಿಲ್ಲ, ಕರೆದರೆ ಸಾಕು. ನಿಮ್ಮ ದಂಡನಾಯಕ ಕಲಿತದ್ದು ಶುಕ್ರನದ್ದೇ ಆಗಿರಬೇಕು.

ಅರೆನಿದ್ದೆ (ಮಧ್ಯಾಹ್ನ 3.41)

ನನ್ನ ತೋಳಗಳಿಗೆ ಮತ್ತೆ ಬರುತ್ತೇನೆ. ಬೂದಿಯನ್ನು ಹೊಳೆಗೆ ಬಿಟ್ಟರು ಎಂದಿರಿ. ಆ ಹೊಳೆಯ ನೀರು ಕುಡಿದವರು ಯಾರು?

ಹೊಳೆದಂಡೆ (ಮಧ್ಯಾಹ್ನ 3.44)

ಇಡೀ ಊರು.

ಹೊಳೆದಂಡೆ (ಮಧ್ಯಾಹ್ನ 3.45)

ಅಯ್ಯೋ.

ಪಾಸೆಗಾರ (ಮಧ್ಯಾಹ್ನ 3.52)

ದಂಡನಾಯಕ ದಂಡೆಯ ಮೇಲೆ ನಿಂತು ಕರೆಯುತ್ತಾನೆ, ಊರಿನ ಒಳಗಿಂದ ಜನ ಎದ್ದು ಬರುತ್ತಾರೆ. ಊರಿನ ಒಳಗಿಂದ ಅಂದರೆ... ಈ ಸಾಲನ್ನು ನಾನು ಮುಂದುವರಿಸುವುದಿಲ್ಲ.

ಶೀತಲ ಕೊಠಡಿ (ಸಂಜೆ 4.10)

ತಕರಾರು ಇದೆ. ಕಚನ ಬೂದಿ ಪೂರ್ತಿ ಒಬ್ಬನ ಹೊಟ್ಟೆಯಲ್ಲಿತ್ತು. ಹೊಳೆಗೆ ಬಿಟ್ಟದ್ದು ಸಾವಿರ ಜನಕ್ಕೆ, ಗದ್ದೆಗೆ, ಮೀನಿಗೆ ಹಂಚಿಹೋಗಿದೆ. ಮನುಷ್ಯನೊಬ್ಬ ಸುಟ್ಟ ಮೇಲೆ ಉಳಿಯುವುದೇ ಎರಡು ಮೂರು ಕಿಲೋ. ಒಬ್ಬೊಬ್ಬರ ಮೈಯಲ್ಲಿ ಕಣವೂ ಇರಲಾರದು. ಅವನು ಯಾರೊಳಗಿಂದ ಬರಬೇಕು? ಇದನ್ನು ನೀವು ತೀರ್ಮಾನಿಸಲೇಬೇಕು, ಇಲ್ಲವಾದರೆ ನಿಮ್ಮ ಗೆಳೆಯ ಮತ್ತೆ ಕೇಳುತ್ತಾನೆ.

ಕಡಲಬದಿಯವಳು (ಸಂಜೆ 4.26)

ಯಾರ ಹೊಟ್ಟೆಯಿಂದ ಮೊದಲು ಬಂದಿದ್ದನೋ ಅವಳೊಳಗಿಂದ.

ಗುಡಿಯ ಗಂಟೆ (ಸಂಜೆ 4.30)

ದಯವಿಟ್ಟು ಸ್ವಲ್ಪ ಹೊತ್ತು ಯಾರೂ ಏನೂ ಬರೆಯಬೇಡಿ.

ತಾಳೆಗರಿ (ಸಂಜೆ 5.05)

ಶುಕ್ರನಿಗೆ ಎದುರಾದ ಇಕ್ಕಟ್ಟೇ ಅವಳಿಗೂ. ವ್ಯತ್ಯಾಸ ಒಂದೇ, ಒಳಗಿಂದ ಬಂದವನಿಗೆ ಅವಳನ್ನು ಮತ್ತೆ ಎಬ್ಬಿಸುವ ವಿದ್ಯೆ ಗೊತ್ತಿಲ್ಲ. ಇನ್ನು ಒಂದು ಉಳಿಯಿತು. ಶುಕ್ರ ಕಚನನ್ನು ಬಲ್ಲವನು, ಕರೆದ. ನಿಮ್ಮ ದಂಡನಾಯಕ ಸಾವಿರಾರು ಸಾಮಾನ್ಯ ಸೈನಿಕರನ್ನು ಏನೆಂದು ಕರೆಯುತ್ತಾನೆ? ಹೆಸರು ಬೇಕಲ್ಲವೇ? ಹೆಸರು ಯಾರ ಬಳಿ ಇದೆ?

ಹಾಗೆಯೇ ವೇತಾಳನಿದ್ದ ಹೆಣ ಹೊತ್ತ ರಾಜ ತ್ರಿವಿಕ್ರಮಸೇನನನ್ನೂ ನೆನೆಯಿರಿ. ಅವನಿಗಿದ್ದ ಕಷ್ಟ ಹೆಣದ ಭಾರವಲ್ಲ, ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು. ಅವನಿಗೆ ಅದು ಆಗಲಿಲ್ಲ.

ಹೊಳೆದಂಡೆ (ರಾತ್ರಿ 11.20)

ಸಂಜೆಯಿಂದ ಬರೆಯುತ್ತಿದ್ದೆ. ಎಲ್ಲರಿಗೂ ಋಣಿ, ತೋಳಗಳಿಗೆ ಹೆಚ್ಚು.

ಸೈನ್ಯ ಸಾಗಿಬರುವ ದೃಶ್ಯ ಪೂರ್ತಿ ಹೋಯಿತು. ಯಾವ ಭೇಟಿಗಾಗಿ ಕಾದಂಬರಿ ಶುರುಮಾಡಿದ್ದೆನೋ ಅದೂ ಹೋಯಿತು. ಸೋಲಿನ ದಿನ ಪಾಳೆಯಕ್ಕೆ ಬೆಂಕಿ ಬಿದ್ದು ಸೈನಿಕರ ಹೆಸರಿನ ಕಡತಗಳೆಲ್ಲ ಸುಟ್ಟುಹೋಗಿವೆ. ಈಗ ದಂಡನಾಯಕ ನಾಲ್ಕೇ ಜನ ಜೀವಂತ ಭಟರೊಂದಿಗೆ ಊರೂರು ತಿರುಗುತ್ತಾನೆ, ಯುದ್ಧದಲ್ಲಿ ಸತ್ತವರಿಗೆ ಮಾಸಾಶನ ಕೊಡುತ್ತೇವೆಂದು ಡಂಗುರ ಸಾರಿಸಿ ಹೆಸರು ಬರೆಸಿಕೊಳ್ಳುತ್ತಾನೆ. ಹಿಂದಿನ ಊರಿನಲ್ಲಿ ಏನಾಯಿತೆಂದು ಮುದುಕಿಗೆ ಮೀನುಗಾರನೊಬ್ಬನಿಂದ ತಿಳಿದಿದೆ. ಜಗಲಿಯ ಮೇಲೆ ಕೂತ ದಂಡನಾಯಕ ಅವಳು ಕೊಟ್ಟ ಮಜ್ಜಿಗೆ ಕುಡಿದು, ಅಮ್ಮಾ, ನಿಮ್ಮ ಮಗನ ಹೆಸರು ಹೇಳಿ ಎನ್ನುತ್ತಾನೆ. ಗೋಡೆಯ ಗೂಟದಲ್ಲಿ ಮಗನ ಕಂಬಳಿ ಇನ್ನೂ ತೂಗುತ್ತಿದೆ.

ಅವಳು ಹೇಳುತ್ತಾಳೆ: ನನಗೆ ಮಕ್ಕಳಾಗಲಿಲ್ಲ, ಸ್ವಾಮಿ.

ಶೀತಲ ಕೊಠಡಿ (ರಾತ್ರಿ 11.31)

ತಕರಾರು ಇಲ್ಲ.

ಅರೆನಿದ್ದೆ (ರಾತ್ರಿ 11.38)

ಅಂದ ಹಾಗೆ ಮಗನ ಹೆಸರೇನು?

ಹೊಳೆದಂಡೆ (ರಾತ್ರಿ 11.52)

ಮೊದಲ ಆರು ಅಧ್ಯಾಯಗಳಲ್ಲಿ 41 ಕಡೆ ಇತ್ತು. ಒಂದೊಂದಾಗಿ ಹುಡುಕಿ ಅಳಿಸುತ್ತಿದ್ದೇನೆ. ಇನ್ನೂ ಹದಿನೇಳು ಉಳಿದಿವೆ.